ಬಿಲ್ಲೆ

ಪೆರಿಯದ ಪ್ರಯೋಗಾಲಯಕ್ಕೆ ಮಧ್ಯಾಹ್ನ ಮೂರಕ್ಕೆ
ಕರೆಂಟು ಬಂತು. ಕ್ಷಕಿರಣ ಯಂತ್ರ
ಕೆಮ್ಮಿ ಎದ್ದು ಕೂತಿತು.
ಬಿಲ್ಲೆ ಸಂಖ್ಯೆ ಹದಿನೇಳು:
ಜ್ವರದ ಗುಳಿಗೆಯಷ್ಟು ದಪ್ಪ, ಹಳೆ ಹಲ್ಲಿನ ಬಣ್ಣ,
ಸಾವಿರದ ನಾನೂರು ಡಿಗ್ರಿಯಲ್ಲಿ ಒಂದಿಡೀ ರಾತ್ರಿ ಬೆಂದದ್ದು.

ಬೆಂದ ಹೊಸತರಲ್ಲಿ ಅದರ ಗೆರೆಗಳು ಪರದೆಯ ಮೇಲೆ
ಸಿಟ್ಟಿಗೆದ್ದ ಮುಳ್ಳುಹಂದಿಯ ಬೆನ್ನಿನಂತೆ ನೆಟ್ಟಗಿದ್ದವು.
ಪ್ರತಿ ಮುಳ್ಳೂ ಒಂದು ಸಾಲು,
ಯಾರು ಯಾರ ಪಕ್ಕ ಎಂಬ ಒಪ್ಪಂದ.
ದೂರದೂರಿನಲ್ಲಿ ಅಯಾನುಗಳ ಏಟು ತಿಂದು ಬಂದ ಮೇಲೆ
ಮುಳ್ಳಿಲ್ಲ. ಒಂದು ಬೋಳು ದಿನ್ನೆ,
ನಮ್ಮ ಪಾರೆಯ ಹಾಗೆ ತಲೆ ಸವೆದು.
ಬರಿಗಣ್ಣಿಗೆ ಮಾತ್ರ ಬಿಲ್ಲೆ ಅದೇ ಬಿಲ್ಲೆ.

ನಿಜದ ಕಸ ಇಲ್ಲಿಲ್ಲ. ಇದು ಅದರ ವೇಷ.
ನಿಜದ್ದು ಪ್ಲುಟೋನಿಯಂ. ಅದನ್ನು
ಡಬ್ಬಿಗೆ ತುಂಬಿದ ಹಾಗಲ್ಲ, ಹರಳಿನ ಪಂಕ್ತಿಯಲ್ಲೇ
ಮಣೆ ಕೊಟ್ಟು ಕೂರಿಸುವುದು.
ಕೂತದ್ದು ಯಾವಾಗಲೋ ಒಮ್ಮೆ ಸಿಡಿಯುತ್ತದೆ.
ಹಾರಿದ ಚೂರು ಅಷ್ಟೇನೂ ಕೆಡಿಸುವುದಿಲ್ಲ;
ಕೆಡಿಸುವುದು ಹಿಂದೊದೆ.
ಕೋವಿ ಹೆಗಲಿಗೆ ಗುದ್ದುವಂತೆ
ಉಳಿದ ಭಾರದ ಬೀಜ ಹಿಂದಕ್ಕೆ ನುಗ್ಗಿ
ಉಣ್ಣುತ್ತ ಕೂತ ಸಾವಿರ ಜನರನ್ನು
ಎಬ್ಬಿಸಿಬಿಡುತ್ತದೆ, ಎಲೆ ಲೋಟ ಸಮೇತ.
ಹೆಚ್ಚಿನವರು ಮರಳಿ ಕೂರುತ್ತಾರೆ. ಕೆಲವರು
ಇಬ್ಬರ ನಡುವೆ ತೂರಿಕೊಂಡು ಅಲ್ಲೇ.
ಖಾಲಿ ಮಣೆ ಖಾಲಿ.

ಇದನ್ನು ಐವತ್ತಾರನೆ ಇಸವಿಗೆ ಹೋಲಿಸಲು ಹೊರಟಿದ್ದೆ,
ರಾತ್ರಿ ಒಂದು ರಾಜ್ಯದಲ್ಲಿ ಮಲಗಿ ಬೆಳಿಗ್ಗೆ ಇನ್ನೊಂದರಲ್ಲಿ ಎದ್ದವರಿಗೆ.
ಹೊಡೆದುಹಾಕಿದೆ. ಪರಮಾಣುವಿಗೆ
ಬಸ್ಸಿನ ಬೋರ್ಡು ಓದಬೇಕಾಗಿಲ್ಲ.

ಭಾನುವಾರ ಬಾಯಾರಿಗೆ ಹೋದಾಗ
ಏಟು ತಿನ್ನದ ಬಿಲ್ಲೆಯೊಂದು ಚೀಲದಲ್ಲಿತ್ತು.
ಗುಡ್ಡಪ್ಪ ನಾಯ್ಕರ ಅಂಗೈಗಿಟ್ಟೆ.
ಮೂವತ್ತೆಂಟು ಸುರಂಗ ತೋಡಿದ ಕೈ,
ಗೆಣ್ಣುಗಳಿಂದ ಮುರಕಲ್ಲಿನ ಕೆಂಪು ಇನ್ನೂ ಬಿಟ್ಟಿಲ್ಲ.
ಉಗುರಿನಿಂದ ತಟ್ಟಿದರು. ಕಿವಿಗೆ ಹಿಡಿದರು. ಇನ್ನೊಮ್ಮೆ.
"ಗಟ್ಟಿ ಉಂಟು. ಎಂತ ಇಡ್ಲಿಕ್ಕೆ ಇದರಲ್ಲಿ?"

ವಿಷ, ಎಂದೆ. ಅಣುವಿನ ಒಲೆಯ ಬೂದಿ.
"ಎಷ್ಟು ಕಾಲ ಇರ್ತದೆ?"
ಇಪ್ಪತ್ತನಾಲ್ಕು ಸಾವಿರ ವರ್ಷಕ್ಕೆ ಅರ್ಧ.
"ಮತ್ತೆ?"
ಮತ್ತೆ ಅಷ್ಟೇ ವರ್ಷಕ್ಕೆ ಅರ್ಧದ ಅರ್ಧ.
ಅವರು ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತ ಕೂತರು,
ಒಂದೇ ಎಲೆಗೆ ಎರಡು ಸಲ.
"ಎಲ್ಲಿ ಇಡುದು?"
ಬಂಡೆಯೊಳಗೆ. ಆಳದಲ್ಲಿ ಸುರಂಗ ಕೊರೆದು.

ನಾಯ್ಕರು ನಕ್ಕರು, ಬಾಯಿ ಕೆಂಪಾಗುವ ಮೊದಲೇ.
"ಐವತ್ತು ವರ್ಷ ನೀರು ಹುಡುಕಿದೆ ನಾನು.
ಇಲ್ಲಿ ಬರುದಿಲ್ಲ ಅಂತ ಅರ್ಧಕ್ಕೆ ಬಿಟ್ಟ ಸುರಂಗದಲ್ಲಿ
ಏಳು ಮಳೆಗಾಲ ಕಳೆದು ಹೋಗಿ ನೋಡಿದರೆ
ಮೊಣಕಾಲಿನವರೆಗೆ.
ನೀರಿಗೆ ಬೇರೆ ಎಂತ ಕೆಲಸ ಉಂಟು ಮಾರಾಯ್ತಿ?"

ಅದಕ್ಕೇ ಈ ಬಿಲ್ಲೆ, ಎಂದೆ. ನೀರು ಬಂದರೂ
ಹರಳು ಹಿಡಿದದ್ದನ್ನು ಬಿಡಬಾರದು.
ಒಳಗಿನ ಒದೆತಕ್ಕೆ ಅದು ನೂರಕ್ಕೆ ಐದಾರು ಪಾಲು ಉಬ್ಬುತ್ತದೆ,
ಕೂದಲಿನಂಥ ಬಿರುಕು ಬಿಡುತ್ತದೆ, ಅಲ್ಲಿಗೆ ನೀರು.
"ವಾಸಿ ಆಗುದಿಲ್ವಾ?"
ಬಿಸಿ ತಾಗಿದರೆ ಎಷ್ಟೋ ಸಲ ಆಗುತ್ತದೆ.
ಕೆಲವು ಹರಳಿಗೆ ಮೊದಲಿಂದಲೂ ಮಡಿ ಕಡಿಮೆ,
ಯಾರು ಯಾರ ಮಣೆಯಲ್ಲಿ ಕೂತರೂ ಊಟ ನಡೆಯುತ್ತದೆ;
ಹೆಚ್ಚು ಬಾಳುವುದು ಅವೇ.
"ಹಾಂ" ಎಂದರು, ಗೊತ್ತಿದ್ದ ಸುದ್ದಿ ಕೇಳಿದವರಂತೆ.

ಚಿಮಣಿ ಹಿಡಿದು ಸುರಂಗದೊಳಗೆ ಬಗ್ಗಿ ನಡೆದರು, ಹಿಂದೆ ನಾನು.
ಬಾವಲಿಯ ವಾಸನೆ. ಮೂರು ಎಣಿಸುವಷ್ಟರಲ್ಲಿ ಒಂದು ಹನಿ
ಬೀಳುವ ಕಡೆ, ಕಲ್ಲಿನ ಗುಳಿಯಲ್ಲಿ
ಬಿಲ್ಲೆ ಇಟ್ಟರು. "ಇರಲಿ. ನೋಡುವ."

ಪ್ರಯೋಗಾಲಯದಲ್ಲಿ ನಾವೂ ಇದನ್ನೇ ಮಾಡುತ್ತೇವೆ:
ತೊಂಬತ್ತು ಡಿಗ್ರಿ ನೀರು, ಏಳು ದಿನ,
ಆಮೇಲೆ ಒಂದು ಗೆರೆ ಎಳೆದು ಲಕ್ಷ ವರ್ಷದವರೆಗೆ ಚಾಚುತ್ತೇವೆ.
ನಾಯ್ಕರಿಗೆ ಈಗ ಎಪ್ಪತ್ತೊಂಬತ್ತು.

ಸೋಮವಾರ. ಬಿಲ್ಲೆ ಸಂಖ್ಯೆ ಹದಿನೆಂಟು.
ಮುಳ್ಳುಗಳಿವೆ. ಸ್ವಲ್ಪ ಮೊಂಡು.
ಬರೆದುಕೊಳ್ಳುವಾಗ ಪೆನ್ನು ತಡೆಯಿತು,
ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು.
ಎದ್ದು ತಿರುಪಿದೆ, ಬಿಗಿಯಾಗಿ.
ಎರಡು ಎಣಿಸಿದೆ.