ಎಂಟನೆಯ ಅಂಕಿ

ಸಕ್ಸಾವುಲ್ ನಿಲ್ದಾಣದಲ್ಲಿ ಕಾಮ್‌ಶಾತ್‌ಳದ್ದು ರಾತ್ರಿ ಪಾಳಿ.
ನಿಂತ ಗೂಡ್ಸಿನ ಮಗ್ಗುಲಿಗೆ ನಡೆಯುತ್ತ
ಡಬ್ಬಿಡಬ್ಬಿಯ ನಂಬರು ಓದಿ ಹೇಳುತ್ತಾಳೆ;
ತಂತಿಯ ಈಚೆ ತುದಿಯಲ್ಲಿ
ಕೇಳಿದ್ದನ್ನು ಯಂತ್ರಕ್ಕೆ ಉಣಿಸುವ ಹುಡುಗ ನಾನು.
ಎಂಟೆಂಟು ಅಂಕಿ.
ಏಳರಿಂದ ಶುರುವಾದರೆ ಎಣ್ಣೆಯ ಟ್ಯಾಂಕು.

ಗಾಡಿಯಿಲ್ಲದ ಒಂದು ನಡುರಾತ್ರಿ ಅಂದಳು:
ಒಂದು ಸಂಖ್ಯೆಯಿದೆ, ಬರೆದುಕೋ.
ಕೊನೆಯ ಡಬ್ಬಿಯ ಕೊಂಡಿ ಕಳಚುತ್ತ ಹೋಗು,
ಉಳಿದದ್ದು ಪ್ರತಿಸಲವೂ ಅವಿಭಾಜ್ಯ.

೭೩೯೩೯೧೩೩
೭೩೯೩೯೧೩
೭೩೯೩೯೧
೭೩೯೩೯
೭೩೯೩
೭೩೯
೭೩
೭

ಎಂಜಿನ್ನೊಂದೇ ಉಳಿದರೂ ಒಡೆಯುವುದಿಲ್ಲ ನೋಡು.

ಯಾರು ಹೇಳಿದರು ಎಂದೆ.
ಯಾರೂ ಹೇಳಲಿಲ್ಲವಂತೆ. ಅವಳಪ್ಪ ಇದೇ ಹಳಿಯ ಮೇಲೆ
ಚಕ್ರಕ್ಕೆ ಸುತ್ತಿಗೆ ತಾಗಿಸಿ ಬಿರುಕು ಆಲಿಸುತ್ತಿದ್ದವನು.
ಇವಳು ಹಾಜರಿ ಪುಸ್ತಕದ ಬೆನ್ನಿಗೆ
ಮೂರರಿಂದ ಬಡಿದಳು, ಏಳರಿಂದ, ಹನ್ನೊಂದರಿಂದ,
ಎಂಟು ಸಾವಿರದ ಐನೂರ ತೊಂಬತ್ತೇಳರ ತನಕ.
ಒಂದು ಚಳಿಗಾಲ ಹಿಡಿಯಿತು.
ಪ್ರತಿ ಏಟಿಗೂ ಶೇಷ ಉಳಿಯಿತು,
ಗಟ್ಟಿ ಚಕ್ರದ ಹಾಗೆ ಠಣ್ಣೆಂದಿತು.

ಇನ್ನೊಂದು ಡಬ್ಬಿ ಜೋಡಿಸಿದರೆ?
ಆಗದು. ಸಮ ಅಂಕಿ, ಐದು, ಸೊನ್ನೆ ಮೊದಲೇ ಹೊರಗೆ.
ಒಂದು, ಏಳು ಹಚ್ಚಿದರೆ ಮೂರರ ಬಾಯಿಗೆ.
ಮೂರು, ಒಂಬತ್ತು ಸ್ವಲ್ಪ ಸತಾಯಿಸುತ್ತವೆ,
ಆಮೇಲೆ ಅವೂ ಸೀಳುತ್ತವೆ.
ಈ ಗಾಡಿ ಇಷ್ಟೇ ಉದ್ದ.

ಫೆಬ್ರವರಿಯಲ್ಲಿ, ಮೈನಸ್ ಮೂವತ್ತೊಂದರ ರಾತ್ರಿ,
ನಲವತ್ತನೆಯ ಟ್ಯಾಂಕಿನ ಹತ್ತಿರ ಅವಳ ದನಿ ತಡವರಿಸಿತು.
ಏಳು ಮೂರು ಒಂಬತ್ತು ಮೂರು,
ಒಂಬತ್ತು ಒಂದು ಮೂರು...
ಉಸಿರು ಕೇಳಿಸಿತು.
ಮೂರು.

ಒತ್ತಿದೆ. ಯಂತ್ರ ಒಪ್ಪಲಿಲ್ಲ.
ನಮ್ಮ ರೈಲ್ವೆಯಲ್ಲಿ ಎಂಟನೆಯ ಅಂಕಿ ಕಾವಲಿನವನು:
ಹಿಂದಿನ ಏಳನ್ನು ಒಂದು ಬಿಟ್ಟೊಂದು ಇಮ್ಮಡಿಸಿ,
ಅಂಕಿಅಂಕಿ ಕೂಡಿದರೆ ಮೂವತ್ತಾರು;
ನಲವತ್ತಕ್ಕೆ ಬೇಕಾದದ್ದು ನಾಲ್ಕು.
ಅಂದರೆ ಅವಳ ಸಂಖ್ಯೆ ಹೊತ್ತ ಟ್ಯಾಂಕು
ಯಾವ ಹಳಿಯ ಮೇಲೂ ಬರುವಂತಿಲ್ಲ.
ನನಗೆ ಗೊತ್ತಿತ್ತು. ಅವಳಿಗೂ.

ಮತ್ತೊಮ್ಮೆ ನೋಡಿ, ಎಂದೆ.
ಹಿಮದ ಮೇಲೆ ಬೂಟು ಕರಕರ.
ಕೈಗವಸಿನಿಂದ ತಗಡು ಉಜ್ಜುವ ಸದ್ದು,
ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು.
ನಾಲ್ಕು, ಎಂದಳು.

ಎರಡರಿಂದ ಹೋಗುತ್ತದೆ. ಮೂರರಿಂದಲೂ.
ಸುತ್ತಿಗೆ ಎತ್ತುವ ಮೊದಲೇ ಎರಡು ಹೋಳು.

ಹನ್ನೊಂದು ನಿಮಿಷ ತಡವಾಗಿ ಹೊರಟಿತು ಗಾಡಿ.
ಮೇಲಿನವರು ನೋಟಿಸು ಕಳಿಸಿದರು;
ತಪ್ಪಿನ ಕಾರಣ ಬರೆಯಲು ಒಂದು ಉದ್ದನೆಯ ಖಾಲಿ ಸಾಲು.
ಅದರಲ್ಲಿ ಅವಳ ದುಂಡನೆಯ ಅಕ್ಷರ:
ಹಿಮ.