ನನ್ನ ಬೀಟಿನ ರಸ್ತೆ, ಶನಿವಾರ

ಉಳಿದ ದಿನಗಳಲ್ಲಿ ಈ ರಸ್ತೆ ನನ್ನದು.
ಕೆಂಪು ವ್ಯಾನು, ಗಂಟೆಗೆ ಮೂವತ್ತು ಮೈಲಿ,
ಎಥೆಲ್ ಪರ್ಡಿಯ ಗೇಟಿನೆದುರು ಒಂದು ಉಬ್ಬು.
ಅಲ್ಲಿ ಪಾರ್ಸೆಲ್ಲುಗಳು ಒಂದರ ಮೇಲೊಂದು ಉರುಳುತ್ತವೆ,
ನಾನು ದಿನವೂ ಒಂದೇ ಬೈಗುಳ ಬೈಯುತ್ತೇನೆ.

ವರ್ಷಕ್ಕೊಂದು ಶನಿವಾರ, ಆರ್ಮಾ ಸೀಮೆಯ ಈ ಏಳು ಮೈಲಿಗೆ
ಕೌನ್ಸಿಲ್ಲಿನವರು ಹಗ್ಗ ಕಟ್ಟುತ್ತಾರೆ.
ತಂತಿಕಂಬಗಳಿಗೆ ಹುಲ್ಲಿನ ಪಿಂಡಿ ಸುತ್ತುತ್ತಾರೆ,
ಗಾಯಕ್ಕೆ ಮೊದಲೇ ಬ್ಯಾಂಡೇಜು.
ಹಾಲು ಕರೆಯುವುದು ನಸುಕಿನ ನಾಲ್ಕಕ್ಕೇ ಮುಗಿದಿದೆ.
ಚರ್ಚಿನ ಹಜಾರದಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ಚು,
ಕುದಿದು ಕುದಿದು ಕಪ್ಪಾದ ಚಹಾ.
ರಜೆ ಹಾಕಿದ್ದೇನೆ. ಎಥೆಲ್‌ಳ ಗೋಡೆಯ ಮೇಲೆ
ಗೋಣಿ ಮಡಿಸಿ ಹಾಸಿಕೊಂಡು ಕೂತಿದ್ದೇನೆ.

ಮೊದಲು ಹಕ್ಕಿಗಳು.
ಬೇಲಿಯಿಂದ ಎಲ್ಲ ಒಟ್ಟಿಗೆ ಏಳುತ್ತವೆ.
ಆಮೇಲೆ ಪಕ್ಕೆಲುಬಿನಲ್ಲೊಂದು ನಡುಕ,
ಆಮೇಲೆ ಸದ್ದು, ಅಷ್ಟರಲ್ಲಿ
ಬಂದದ್ದು ಹೋಗಿರುತ್ತದೆ.
ಉಬ್ಬಿನ ಮೇಲೆ ಎರಡೂ ಚಕ್ರ ನೆಲ ಬಿಟ್ಟು
ಒಂದು ಉಸಿರಿನಷ್ಟು ಹೊತ್ತು
ಯಾವ ವಿಳಾಸಕ್ಕೂ ಸೇರದೆ.
ಮುಖಕ್ಕೆ ರಪ್ಪೆಂದು ಬಡಿದ ಗಾಳಿಯಲ್ಲಿ
ಸುಟ್ಟ ಎಣ್ಣೆ, ಅರೆದ ಹುಲ್ಲು.
ಎಥೆಲ್ ಪ್ರತಿ ಸಲವೂ “ಅಯ್ಯೋ ದೇವರೇ” ಅನ್ನುತ್ತಾಳೆ,
ಪ್ರತಿ ಸಲವೂ ಬೈಕು ದಾಟಿಹೋದ ಮೇಲೆ.

ಹೋದ ವರ್ಷ ತಂಗಿಯ ಮಗ ರೋವನ್
ಇಂಗ್ಲೆಂಡಿನ ದೊಡ್ಡ ಸರ್ಕ್ಯೂಟಿಗೆ ಕರೆದೊಯ್ದಿದ್ದ.
ಅಲ್ಲಿ ಗೋಡೆಯಿಲ್ಲ, ಗೇಟಿಲ್ಲ, ಬಿದ್ದವನಿಗೆ
ಹೊರಳಲು ಜಲ್ಲಿಯ ಹೊಲವೇ ಉಂಟು.
ಲಾರಿಯುದ್ದದ ಅಡುಗೆಮನೆ, ಮನೆಯೆತ್ತರದ ಪರದೆ,
ಚಳಿಯಾದೀತೆಂದು ಟೈರಿಗೂ ಕರೆಂಟಿನ ಕಂಬಳಿ.
ಮೊಣಕೈ ನೆಲ ಸವರುವಷ್ಟು ವಾಲಿ
ಇಪ್ಪತ್ತೆರಡು ಜನ ಒಂದೇ ಗೆರೆಯ ಮೇಲೆ ಹರಿದರು,
ಒಬ್ಬನೇ ಬರೆದ ಕೈಬರಹದಂತೆ.
ಸುಳ್ಳು ಹೇಳಲಾರೆ, ಕಣ್ಣಲ್ಲಿ ನೀರು ಬಂತು.
ಆದರೆ ಯಾರ ಮನೆಗೆ ಯಾವ ಬಿಲ್ಲು ಬರುತ್ತದೆಂದು
ನನಗೆ ಗೊತ್ತಿರಲಿಲ್ಲ.

ಇಲ್ಲಿ ಗೊತ್ತು.
ನಲವತ್ತೇಳು ಅಂದರೆ ಲೋರ್ಕನ್ ಟೆಗಾರ್ಟ್,
ಹಾಲು ಕರೆಯುವ ಯಂತ್ರದ ರಿಪೇರಿಯವನು.
ಹಿಂದಿನ ಟೈರು ಇನ್ನೊಬ್ಬ ಸವೆಸಿ ಬಿಟ್ಟದ್ದು,
ಎಂಜಿನ್ನಿಗೆ ಹೋದ ದುಡ್ಡು ಅಡುಗೆಮನೆಯ ನೆಲದ್ದು.
ಕೆಂಪು ಶಾಯಿಯ ಲಕೋಟೆಗಳನ್ನು
ಅವನ ಹೆಂಡತಿ ಮೇವ್‌ಳ ಕೈಗೆ ಕೊಡುವವಳು ನಾನು,
ಮುಖ ನೋಡದೆ.

ನಾಲ್ಕನೆಯ ಸುತ್ತು. ಎಣಿಸುತ್ತೇನೆ. ಹತ್ತು. ಹನ್ನೊಂದು.
ಅದರ ಹಿಂದೆ ನಲವತ್ತೇಳು ಬರಬೇಕು.

ಕೆಂಪು ಬಾವುಟ.
ಮೂರನೆಯ ಹೊಲದಾಚೆ ಯಾರೋ
ಫ್ಲಾಸ್ಕಿನ ಮುಚ್ಚಳ ತಿರುವಿದ್ದು ಕೇಳಿಸಿತು.
ಕಿತ್ತಳೆ ಕೋಟಿನ ಮಾರ್ಷಲ್ ವಾಕಿಟಾಕಿಗೆ ಕಿವಿ ಒತ್ತಿ
ನಮ್ಮ ಕಡೆ ಬೆನ್ನು ಮಾಡಿದ.
ಬೆನ್ನು ಓದಲು ನಾವಿಲ್ಲಿ ಎಲ್ಲರೂ ಕಲಿತವರು.
ಎಥೆಲ್ ನನ್ನ ತೋಳು ಹಿಡಿದಳು. ಅವಳ ತಮ್ಮ,
ಎಪ್ಪತ್ತೊಂಬತ್ತರಲ್ಲಿ, ಇದೇ ರಸ್ತೆ. ಅದನ್ನವಳು ಹೇಳುವುದಿಲ್ಲ.
ಪ್ರತಿ ವರ್ಷ ಗೋಡೆಗೆ ಸುಣ್ಣ ಮಾತ್ರ ಬಳಿಸುತ್ತಾಳೆ,
ಹುಡುಗರಿಗೆ ದೂರದಿಂದ ಕಾಣಲಿ ಎಂದು.

ಹದಿನೆಂಟು ನಿಮಿಷ.
ಬಾರ್ಲಿಯ ನಡುವಿನಿಂದ, ಆಂಬುಲೆನ್ಸಿನವರ ಮೇಲೆ ರೇಗಿ ಬಿಡಿಸಿಕೊಂಡು,
ಹೆಲ್ಮೆಟ್ಟನ್ನು ಬಕೆಟ್ಟಿನಂತೆ ತೂಗಾಡಿಸುತ್ತ
ಕುಂಟಿಕೊಂಡು ಬಂದ.
“ಚೈನು ಹೋಯ್ತು” ಎಂದು ನನ್ನ ಚಹಾ ಕಸಿದು ಕುಡಿದ.
ಮೊಣಕೈಯ ರಕ್ತ ಸುಣ್ಣಕ್ಕೆ ತಾಗಿತು.
“ಒರೆಸಬೇಡ ಕಣೋ,” ಎಥೆಲ್ ಗದರಿದಳು, “ಇನ್ನೂ ಹರಡೀತು.”

ಸೋಮವಾರ. ಪಿಂಡಿಗಳು ಹೋಗಿವೆ.
ತಿರುವಿನಲ್ಲಿ ಕಪ್ಪು ಗೆರೆ,
ಬೇಲಿಯಲ್ಲೊಂದು ಹಳದಿ ಪ್ಲಾಸ್ಟಿಕ್ಕಿನ ಚೂರು.
ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿ,
ಬಲಕ್ಕೆ ಅಗಲವಾಗಿ ಹೋಗಿ, ಒಳಕ್ಕೆ ಎಳೆದು,
ಆ ಗೆರೆಯ ಮೇಲೆಯೇ ವ್ಯಾನು ಬಿಟ್ಟೆ. ಮೂವತ್ತೆಂಟು ಮೈಲಿ.
ಪಾರ್ಸೆಲ್ಲುಗಳು ಉರುಳಿದವು. ಎಂದಿನಂತೆ ಬೈದೆ.

ಟೆಗಾರ್ಟ್ ಮನೆಗೊಂದು ಲಕೋಟೆ, ಕೆಂಪು ಶಾಯಿಯದೇ.
ಹಿತ್ತಲಲ್ಲಿ ಸುತ್ತಿಗೆಯ ಸದ್ದು.
ಮೇವ್ ಅದನ್ನು ಒಡೆಯದೆ ಏಪ್ರನ್ನಿನ ಜೇಬಿಗಿಟ್ಟು ಕೇಳಿದಳು:
“ಮುಂದಿನ ಶನಿವಾರ ಟೈರೋನಿಗೆ ಬರ್ತೀಯಾ? ಒಂದು ಸೀಟಿದೆ.
ಕಾಲು ಮಾತ್ರ ಟೈರಿನ ಮೇಲಿಟ್ಟುಕೊಂಡು ಕೂರಬೇಕು.”