ಬೀಗರ ಮುಂದೆ

ದಾವಣಗೆರೆಯ ಬೀಗರನ್ನು,
ಬೆಣ್ಣೆದೋಸೆಯ ಊರಿನವರನ್ನು,
ದುರ್ಗಿಗುಡಿಯ ಈ ಹೋಟೆಲಿಗೇ ಕರೆತಂದೆ.
ದಾರಿಯುದ್ದಕ್ಕೂ ನನ್ನದೇ ಜಂಬ:
"ನಾನು ಕೂತರೆ ಸಾಕು, ಹೇಳೋದೇ ಬೇಡ,
ಕಡುಬು ಬರುತ್ತೆ, ಹಿಂದೆಯೇ ಕಾಯಿಚಟ್ನಿ."

ಭಾನುವಾರ, ಹತ್ತೂವರೆ.
ಮೂಲೆಯ ನನ್ನ ಟೇಬಲ್ಲಿನ ಮೇಲೆ
ಯಾರದೋ ಎಂಜಲು ತಟ್ಟೆ, ಅಗಿದುಬಿಟ್ಟ ಕರಿಬೇವು.
ಬಟ್ಟೆ ಹಿಡಿದು ಬಂದ ಹುಡುಗ
ಪಕ್ಕದ ಟೇಬಲ್ ಒರೆಸಿ ಹೋದ.

ನೀರಿಲ್ಲ. ಕೈಯೆತ್ತಿದೆ.
ಮತ್ತೆ ಎತ್ತಿದೆ,
ಉತ್ತರ ಗೊತ್ತಿದ್ದೂ ಮೇಷ್ಟರ ಕಣ್ಣಿಗೆ ಬೀಳದ
ಹಿಂದಿನ ಬೆಂಚಿನವನ ಹಾಗೆ.
ಬೀಗರು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು,
ಅಮಾವಾಸ್ಯೆ ಯಾವತ್ತೆಂದು.

ಮುಕ್ಕಾಲು ಗಂಟೆಗೆ ಬಂದದ್ದು ಉಪ್ಪಿಟ್ಟು.
ತಣ್ಣಗೆ, ಬಟ್ಟಲಿನ ಆಕಾರ ಬಿಡದೆ.
"ಕಡುಬು ಮುಗೀತು ಸಾರ್."
ಬಚ್ಚಣ್ಣ ಎಲ್ಲಿ, ಅಂದೆ.
"ಯಾರು?"
ಹನ್ನೆರಡು ವರ್ಷದ ನನ್ನ ಭಾನುವಾರಗಳು
ಲೋಟದ ತಳದ ವೃತ್ತದಂತೆ
ಒಂದೇ ಒರೆಸಿಗೆ ಹೋದವು.

ಬೀಗರು ಒಂದಗುಳೂ ಬಿಡದೆ ತಿಂದರು.
ಅದು ಇನ್ನೂ ಚುಚ್ಚಿತು.
ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ
ಬಿಲ್ಲನ್ನೂ ಅವರೇ ಕೊಟ್ಟಾಗಿತ್ತು.

"ಹೇಗಿತ್ತು ಸಾರ್?" ಗಲ್ಲಾದ ಮೇಲಿಂದ
ತಲೆಯೆತ್ತದೆ ಕೇಳಿದ ಯಜಮಾನ.
"ಚೆನ್ನಾಗಿತ್ತು" ಅಂದುಬಿಟ್ಟೆ,
ಸಾರಿಗೆ ಉಪ್ಪು ಹೆಚ್ಚಾದ ದಿನ
ನೆಂಟರೆದುರು ಹೆಂಡತಿಯ ಪರ ಹೇಳಿದ ಹಾಗೆ.

ಹೊರಗೆ ಬಿಸಿಲು. ಚಪ್ಪಲಿ ಮೆಟ್ಟುತ್ತ ಬೀಗರು,
"ಮುಂದಿನ ಸಲ ನಮ್ಮೂರಿಗೆ ಬರ್ರಿ,
ದೋಸೆ ತಿನ್ನೋಣಂತೆ."

ದನಿಯಲ್ಲಿ ಕೊಂಕಿರಲಿಲ್ಲ.
ಇದ್ದಿದ್ದರೆ
ಜಗಳಕ್ಕಾದರೂ ಒಂದು ದಾರಿಯಿತ್ತು.